ಕೂಸಿನ ಕಥೆಯೋ, ಮಾಸ್ತರ ಪಾಠವೋ: ಬಸ್ಸಿನಲ್ಲಿ ಕೇಳಿದ ಯುರೋಪಿನ ಇತಿಹಾಸ

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋಗಲು ಮುಕ್ಕಾಲು ತಾಸು, ಬರಲು ಮುಕ್ಕಾಲು ತಾಸು. ಒಂದು ವರ್ಷ ಆ ಹೊತ್ತನ್ನೆಲ್ಲ ಸುಮ್ನೆ ರೀಲ್ಸ್ ನೋಡಿ ಕಳೆದೆ. ಆಮೇಲೆ ನನಗೇ ನಾಚಿಕೆಯಾಗಿ ಯುರೋಪಿನ ಇತಿಹಾಸ ಕೇಳಲು ಶುರು ಮಾಡಿದೆ. ಯುರೋಪೇ ಯಾಕೆ ಅಂದರೆ, ಶಾಲೆಯಲ್ಲಿ ಎರಡು ಇಸವಿ ಬಾಯಿಪಾಠ ಮಾಡಿಸಿದ್ದರು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು, 1517ರಲ್ಲಿ ಲೂಥರ್ ಎದ್ದ. ಅದಕ್ಕೂ ಮುಂಚೆ ಅಲ್ಲಿನ ಜನ ಏನು ಮಾಡುತ್ತಿದ್ದರು ಅಂತ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಎಂಟು ತಿಂಗಳಲ್ಲಿ ನಾಲ್ಕು ಥರದ್ದು ಕೇಳಿದೆ. ಕನ್ನಡದಲ್ಲಿ ಈ ವಿಷಯದ ಆಡಿಯೋ ನನಗೆ ಸಿಗಲಿಲ್ಲ, ಹಾಗಾಗಿ ಎಲ್ಲವೂ ಇಂಗ್ಲಿಷಿನವೇ. ಮೊದಲನೆಯದು ಬಾರ್ಬರಾ ಟಕ್‌ಮನ್ 1978ರಲ್ಲಿ ಬರೆದ ‘ಎ ಡಿಸ್ಟಂಟ್ ಮಿರರ್’. ಓದಿದವರು ನಾಡಿಯಾ ಮೇ, 28 ತಾಸಿಗೂ ಜಾಸ್ತಿ ಇದೆ. ಎರಡನೆಯದು ದಿ ಗ್ರೇಟ್ ಕೋರ್ಸಸ್‌ನವರ ‘ದಿ ಲೇಟ್ ಮಿಡಲ್ ಏಜಸ್’. ಫಿಲಿಪ್ ಡೇಲೀಡರ್ ಅನ್ನುವ ಪ್ರೊಫೆಸರ್ ಮಾಡಿದ 24 ಪಾಠ, ಒಂದೊಂದೂ ಅರ್ಧ ತಾಸು. ಮೂರನೆಯದು ಲಿಬ್ರಿವಾಕ್ಸ್‌ನಲ್ಲಿ ಪುಕ್ಕಟೆ ಸಿಗುವ ಬೊಕಾಚಿಯೋನ ‘ಡೆಕಮೆರಾನ್’. ನಾಲ್ಕನೆಯದು ಮೈಕ್ ಡಂಕನ್ ಅವರ ‘ರೆವಲ್ಯೂಷನ್ಸ್’ ಪಾಡ್‌ಕಾಸ್ಟಿನ ಮೊದಲ ಸರಣಿ. ಮೊದಲ ಮೂರೂ ಹದಿನಾಲ್ಕನೇ ಶತಮಾನದ ಸುತ್ತಲೇ ಇರುವುದರಿಂದ ಒಂದರ ಪಕ್ಕ ಒಂದು ಇಟ್ಟು ನೋಡುವುದು ಸುಲಭವಾಯಿತು.

ಕೇಳಿದ್ದು ತಲೆಯಲ್ಲಿ ಉಳಿಯಿತೋ ಇಲ್ಲವೋ ಅಂತ ನೋಡಲು ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಅದನ್ನು ಹೇಳಬೇಕು. ಅವ್ವ ಕೀರ್ತನೆ, ಪುರಾಣ ಕೇಳುತ್ತಾ ಬೆಳೆದವಳು. ಕಥೆ ಎಲ್ಲಿ ಕುಂಟಿತು ಅಂತ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ‘ಅಂವಾ ಯಾಕ ಹಂಗ ಮಾಡಿದಾ?’ ಅಂತ ಕೇಳುತ್ತಾಳೆ. ನನಗೆ ಉತ್ತರ ಹೊಳೆಯದಿದ್ದರೆ ಆವತ್ತು ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಟಕ್‌ಮನ್ ಪುಸ್ತಕದ ಜಾಣತನ ಇರುವುದು ಒಬ್ಬ ಮನುಷ್ಯನನ್ನು ಹಿಡಿದುಕೊಂಡದ್ದರಲ್ಲಿ. ಆಂಗೆರಾಂ ದ ಕೂಸಿ, ಉತ್ತರ ಫ್ರಾನ್ಸಿನ ದೊಡ್ಡ ಜಮೀನ್ದಾರ. ಹುಟ್ಟಿದ್ದು 1340ರಲ್ಲಿ, ಸತ್ತದ್ದು 1397ರಲ್ಲಿ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನೂರು ವರ್ಷಗಳ ಯುದ್ಧದಲ್ಲಿ ಒತ್ತೆಯಾಳಾಗಿ ಇಂಗ್ಲೆಂಡಿಗೆ ಹೋದ, ಅಲ್ಲಿನ ರಾಜ ಮೂರನೇ ಎಡ್ವರ್ಡನ ಮಗಳನ್ನೇ ಮದುವೆಯಾಗಿ ಬಂದ. ಶತ್ರುವಿನ ಮನೆ ಅಳಿಯ! ಹೆಸರು ಕೇಳಿದ ದಿನದಿಂದ ಅವ್ವ ಅವನನ್ನು ‘ಕೂಸು’ ಅಂತಲೇ ಕರೆದಳು. ‘ಇವತ್ತ ಕೂಸಿನ ಕಥಿ ಎಲ್ಲಿಗೆ ಬಂತು?’ ಅಂತ ಅವಳೇ ನೆನಪಿಸುತ್ತಿದ್ದಳು. ಪ್ಲೇಗು, ರೈತರ ದಂಗೆ, ಇಬ್ಬರು ಪೋಪರ ಜಗಳ ಎಲ್ಲವೂ ಈ ಮನುಷ್ಯನ ಆಯುಷ್ಯದ ಒಳಗೇ ಬರುವುದರಿಂದ ದಾರ ತಪ್ಪಲಿಲ್ಲ. ಕೊನೆಗೆ 1396ರಲ್ಲಿ ನಿಕೊಪೊಲಿಸ್ ಎಂಬಲ್ಲಿ ತುರ್ಕರ ಕೈಗೆ ಸಿಕ್ಕಿ, ಸೆರೆಯಲ್ಲೇ ಬುರ್ಸಾದಲ್ಲಿ ಸತ್ತ. ಆವತ್ತು ಅವ್ವ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ.

ಒಂದು ಪ್ರಸಂಗ ಮಾತ್ರ ಹೇಳಲೇಬೇಕು. 1393ರ ಜನವರಿ, ಪ್ಯಾರಿಸ್, ರಾಜನ ಮನೆಯಲ್ಲಿ ಮದುವೆಯ ಕುಣಿತ. ರಾಜ ಆರನೇ ಚಾರ್ಲ್ಸ್ ಮತ್ತು ಐದು ಜನ ಗೆಳೆಯರು ಕಾಡುಮನುಷ್ಯರ ವೇಷ ಹಾಕಿದ್ದಾರೆ. ಬಟ್ಟೆಯನ್ನು ಮೈಗೇ ಹೊಲಿದು, ರಾಳ ಬಳಿದು, ಅದಕ್ಕೆ ನಾರು ಅಂಟಿಸಿದ್ದಾರೆ. ಯಾರೂ ಪಂಜು ತರಬಾರದು ಅಂತ ಕಟ್ಟಪ್ಪಣೆ. ಆದರೆ ತಡವಾಗಿ ಬಂದ ರಾಜನ ತಮ್ಮ ಪಂಜು ಹಿಡಿದೇ ಒಳಗೆ ಬರುತ್ತಾನೆ. ಒಂದು ಕಿಡಿ ಸಾಕಾಯಿತು. ಒಬ್ಬ ನೀರಿನ ತೊಟ್ಟಿಗೆ ಹಾರಿ ಬದುಕಿದ, ನಾಲ್ವರು ಸುಟ್ಟು ಸತ್ತರು. ರಾಜನನ್ನು ಅವನ ಚಿಕ್ಕಮ್ಮ, ಇನ್ನೂ ಹದಿನೈದರ ಆಸುಪಾಸಿನ ಹುಡುಗಿ, ತನ್ನ ಲಂಗದ ಘೇರಿನಲ್ಲಿ ಮುಚ್ಚಿ ಉಳಿಸಿದಳು. ಇದನ್ನು ನಾಡಿಯಾ ಮೇ ದನಿ ಏರಿಸದೆ, ಅವಸರ ಮಾಡದೆ ಓದುತ್ತಾರೆ. ನಾನು ಕಣ್ಣು ತೆರೆದಾಗ ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

ಹಾಗಂತ ಎಲ್ಲ ಸಲೀಸಲ್ಲ. ಈ ಪುಸ್ತಕದಲ್ಲಿ ಎಷ್ಟು ಜನ ಚಾರ್ಲ್ಸ್ ಇದ್ದಾರೆ ಅಂದರೆ ಕಿವಿಗೆ ತಲೆನೋವು ಬರುತ್ತದೆ. ಫ್ರಾನ್ಸಿನ ಐದನೇ ಚಾರ್ಲ್ಸ್, ಅವನ ಮಗ ಆರನೇ ಚಾರ್ಲ್ಸ್, ನವಾರದ ದುಷ್ಟ ಚಾರ್ಲ್ಸ್, ಬ್ಲುವಾದ ಚಾರ್ಲ್ಸ್, ಜರ್ಮನ್ ಕಡೆಯ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್. ಕಾಗದದ ಪುಸ್ತಕವಾದರೆ ನಾಲ್ಕು ಪುಟ ಹಿಂದೆ ತಿರುವಿ ನೋಡಬಹುದು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಮೂವತ್ತು ಸೆಕೆಂಡು ಹಿಂದೆ ಒತ್ತುತ್ತಾ ನಿಂತರೆ ಆಗುವ ಕೆಲಸವಲ್ಲ. ಫ್ರೆಂಚ್ ಹೆಸರುಗಳದ್ದು ಇನ್ನೊಂದು ತೊಂದರೆ. ಕೇಳಿದ್ದೇ ಒಂದು, ಕಾಗುಣಿತವೇ ಒಂದು. ‘ಕೂಸಿ’ ಅಂತ ಹುಡುಕಿದರೆ ಫೋನಿನಲ್ಲಿ ಬೇರೆ ಏನೇನೋ ಬರುತ್ತದೆ. ಊಟ, ಬಟ್ಟೆ, ಕುದುರೆಗಳ ಪಟ್ಟಿ ಬಂದಾಗ ನಾನು ಕೆಲವು ಸಲ ಓಡಿಸಿಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಡೇಲೀಡರ್ ಮಾಸ್ತರ ಪಾಠ ಇದಕ್ಕೆ ಪೂರಾ ಉಲ್ಟಾ. ಇಲ್ಲಿ ಹೆಸರು ಕಡಿಮೆ, ಕಾರಣ ಜಾಸ್ತಿ. ಮೊದಲೇ ಪ್ರಶ್ನೆ ಇಡುತ್ತಾರೆ: 1300ರಿಂದ 1500ರ ಕಾಲವನ್ನು ಹೊಸ ಹುಟ್ಟು ಅನ್ನಬೇಕೋ, ಇಳಿಗಾಲ ಅನ್ನಬೇಕೋ, ಬರೀ ಅನಾಹುತ ಅನ್ನಬೇಕೋ? ಒಂದು ಪಾಠ ಸರಿಯಾಗಿ ಅರ್ಧ ತಾಸು, ಅಂದರೆ ಜುಬಿಲಿ ಸರ್ಕಲ್ಲಿನಲ್ಲಿ ಒತ್ತಿದರೆ ಉಣಕಲ್ಲಿನ ಹೊತ್ತಿಗೆ ಮುಗಿಯುತ್ತದೆ. ಉಳಿದ ಹೊತ್ತು ಯೋಚನೆಗೆ. ಹೇಳಿದ್ದನ್ನು ತಿರುಗಾ ಹೇಳುವ ಅಭ್ಯಾಸ ಅವರಿಗಿದೆ. ಓದುವಾಗ ಬೇಜಾರಾಗುವ ಆ ಗುಣವೇ ಕೇಳುವಾಗ ಕೈ ಹಿಡಿಯುತ್ತದೆ, ಯಾಕೆಂದರೆ ಪಕ್ಕದವರ ಜೊತೆ ನಾಲ್ಕು ಮಾತಾಡಿ ಮತ್ತೆ ಕಿವಿ ಕೊಟ್ಟರೂ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ.

ಪ್ಲೇಗನ್ನು ಇಬ್ಬರೂ ಹೇಳುತ್ತಾರೆ. 1347ರ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸಿನಾ ಬಂದರಿಗೆ ಜಿನೋವಾದ ಹಡಗುಗಳು ಬಂದವು, ಅದರಲ್ಲಿ ಸಾಯುತ್ತಿರುವ ನಾವಿಕರಿದ್ದರು. ಟಕ್‌ಮನ್ ಹತ್ತಿರ ಇದನ್ನು ಕೇಳುವಾಗ ಹಡಗಿನ ವಾಸನೆ ಮೂಗಿಗೆ ಬಡಿಯಿತು. ಡೇಲೀಡರ್ ಅದಕ್ಕೆ ಎರಡು ಪಾಠ ಇಟ್ಟಿದ್ದಾರೆ. ಅದಕ್ಕೂ ಮುಂಚೆ, 1315ರಿಂದ, ಮಳೆ ನಿಲ್ಲದೆ ಬೆಳೆ ಕೊಳೆತು ಕ್ಷಾಮ ಬಂದದ್ದು ನನಗೆ ಮನಸ್ಸಿಗೆ ಇಳಿದದ್ದು ಇವರಿಂದ. ಆಮೇಲೆ ಪ್ಲೇಗಿನಲ್ಲಿ ಯುರೋಪಿನ ಮೂರನೇ ಒಂದು ಪಾಲೋ, ಅದಕ್ಕಿಂತ ಜಾಸ್ತಿಯೋ ಜನ ಸತ್ತರು. ಹೊಲಕ್ಕೆ ಆಳು ಸಿಗಲಿಲ್ಲ. ಇದನ್ನು ನಾನು ಹೇಳಿ ಮುಗಿಸುವ ಮೊದಲೇ ಅವ್ವ, ‘ಮತ್ತ ಕೂಲಿ ಏರಿರಬೇಕಲ?’ ಅಂದಳು. ಹೌದು, ಏರಿತು. ಏರಬಾರದು ಅಂತ ಇಂಗ್ಲೆಂಡಿನಲ್ಲಿ 1351ರಲ್ಲಿ ಕಾನೂನು ಮಾಡಿದರು. 1381ರಲ್ಲಿ ತಲೆಗಂದಾಯವೂ ಸೇರಿಕೊಂಡು ರೈತರು ದಂಗೆ ಎದ್ದು ಲಂಡನ್ನಿಗೇ ನುಗ್ಗಿದರು. ಸುಗ್ಗಿಯಲ್ಲಿ ಆಳು ಹುಡುಕಿ ಸಾಕಾದ ಅವ್ವನಿಗೆ ಯಾವ ಪ್ರೊಫೆಸರೂ ಬೇಕಾಗಲಿಲ್ಲ.

ಆದರೆ ಮೂರು ವಾರ ಬಿಟ್ಟು ನೋಡಿದರೆ? ಮಾಸ್ತರ ಪಾಠದಲ್ಲಿ ಕಾರಣ ನೆನಪಿತ್ತು, ಮುಖ ಒಂದೂ ನೆನಪಿರಲಿಲ್ಲ. ಟಕ್‌ಮನ್‌ದು ಮುಖ ನೆನಪಿತ್ತು, ಯಾಕೆ ಅನ್ನುವುದು ಮಸುಕಾಗಿತ್ತು.

ಡೆಕಮೆರಾನ್ ಇವೆರಡರ ಸಾಲಿಗೆ ಸೇರುವುದಿಲ್ಲ. ಇದು ಇತಿಹಾಸದ ಪುಸ್ತಕ ಅಲ್ಲವೇ ಅಲ್ಲ, ಆ ಕಾಲದಲ್ಲಿ ಬದುಕಿದ್ದವನೇ ಬರೆದದ್ದು. ಲಿಬ್ರಿವಾಕ್ಸ್ 2005ರಲ್ಲಿ ಶುರುವಾಯಿತು. ಹಕ್ಕು ಮುಗಿದ ಹಳೇ ಪುಸ್ತಕಗಳನ್ನು ಜನ ಸಂಬಳವಿಲ್ಲದೆ ಓದಿ ಹಾಕುತ್ತಾರೆ. 1348ರ ಫ್ಲಾರೆನ್ಸಿನಲ್ಲಿ ಪ್ಲೇಗು. ಏಳು ಹೆಂಗಸರು, ಮೂವರು ಗಂಡಸರು ಊರು ಬಿಟ್ಟು ಹಳ್ಳಿಯ ಬಂಗಲೆಗೆ ಹೋಗಿ ಹತ್ತು ದಿನ ದಿನಕ್ಕೆ ಹತ್ತರಂತೆ ಕಥೆ ಹೇಳುತ್ತಾರೆ. ಇತಿಹಾಸಕ್ಕೆ ಬೇಕಾದದ್ದು ಶುರುವಿನ ಭಾಗ ಅಷ್ಟೇ. ಸತ್ತವನ ಹರಕು ಬಟ್ಟೆಯನ್ನು ಬೀದಿಗೆ ಎಸೆದಿದ್ದಾರೆ. ಎರಡು ಹಂದಿ ಬಂದು ಮೂತಿಯಿಂದ ಎಳೆದಾಡುತ್ತವೆ. ಸ್ವಲ್ಪ ಹೊತ್ತಿಗೆ ಗಿರ್ರನೆ ತಿರುಗಿ ಅದೇ ಬಟ್ಟೆ ಮೇಲೆ ಬಿದ್ದು ಸಾಯುತ್ತವೆ. ಇದನ್ನು ಕಣ್ಣಾರೆ ಕಂಡೆ ಅಂತ ಬೊಕಾಚಿಯೋ ಬರೆಯುತ್ತಾನೆ. ಉಳಿದ ಕಥೆಗಳಲ್ಲಿ ಅರ್ಧದಷ್ಟನ್ನು ಅವ್ವನ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಊರು ಬಿಟ್ಟು ಹೋದರು ಅಂದ ಕೂಡಲೇ ಅವ್ವ ಎದ್ದು ಕೂತಳು. ಅವಳ ಅಜ್ಜಿ ಹೇಳುತ್ತಿದ್ದಳಂತೆ: ಮನೆಯಲ್ಲಿ ಇಲಿ ಬಿತ್ತು ಅಂದರೆ ಸಾಕು, ಪಾತ್ರೆ ಪಗಡೆ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಹುಬ್ಬಳ್ಳಿಯ ಪ್ಲೇಗು 1898ರ ಸುಮಾರಿನದು, ಹಾಫ್ಕಿನ್ ಅನ್ನುವ ವಿಜ್ಞಾನಿ ಕಂಡುಹಿಡಿದ ಪ್ಲೇಗಿನ ಲಸಿಕೆಯನ್ನು ಆಗ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದ್ದರು. ಫ್ಲಾರೆನ್ಸಿನದೂ ಹುಬ್ಬಳ್ಳಿಯದೂ ಅದೇ ರೋಗಾಣು. 1348ರಲ್ಲಿ ಪ್ಯಾರಿಸ್ಸಿನ ವೈದ್ಯ ಪಂಡಿತರು ಮಾತ್ರ ಇಲಿಯ ಕಡೆ ನೋಡಲಿಲ್ಲ. ಶನಿ, ಗುರು, ಮಂಗಳ ಒಂದೇ ರಾಶಿಯಲ್ಲಿ ಕೂಡಿದ್ದಕ್ಕೆ ಹೀಗಾಯಿತು ಅಂತ ರಾಜನಿಗೆ ವರದಿ ಕೊಟ್ಟರು. ಇದು ಅವ್ವನಿಗೆ ತೀರಾ ಅಸಂಬದ್ಧ ಅನ್ನಿಸಲಿಲ್ಲ, ಅದು ಬೇರೆ ಮಾತು.

ಪುಕ್ಕಟೆ ರೆಕಾರ್ಡಿಂಗುಗಳ ದನಿಯ ಬಗ್ಗೆ ಒಂದು ಮಾತು. ಇಂಥವುಗಳಲ್ಲಿ ಎಷ್ಟೋ ಸಲ ಅಧ್ಯಾಯಕ್ಕೊಬ್ಬರು ಓದುತ್ತಾರೆ. ಬೇರೊಂದು ಕಡೆ ಇಳಿಸಿಕೊಂಡ ಹಳೇ ಇತಿಹಾಸ ಪುಸ್ತಕವೊಂದರಲ್ಲಿ ಮೂರನೇ ಅಧ್ಯಾಯದವರು ಬಾವಿಯೊಳಗಿಂದ ಓದಿದ ಹಾಗಿತ್ತು, ಹಿಂದೆ ನಾಯಿ ಬೊಗಳುತ್ತಿತ್ತು. ಮೊದಲ ಹತ್ತು ನಿಮಿಷ ಕೇಳಿ ನೋಡಿ, ಒಗ್ಗದಿದ್ದರೆ ಬಿಟ್ಟುಬಿಡಿ. ದುಡ್ಡೇನೂ ಕೊಟ್ಟಿಲ್ಲವಲ್ಲ. ನಾನು ದುಡ್ಡು ಕಳೆದುಕೊಂಡದ್ದು ಚಂದಾ ಕಟ್ಟಿದ ಕಡೆ, ರದ್ದು ಮಾಡಲು ಮರೆತು ಎರಡು ತಿಂಗಳು.

ಡಂಕನ್ ಪಾಡ್‌ಕಾಸ್ಟು 2013ರಲ್ಲಿ ಶುರುವಾದದ್ದು. ಮೊದಲ ಸರಣಿ ಇಂಗ್ಲೆಂಡಿನ ಅಂತರ್ಯುದ್ಧದ ಮೇಲೆ, ಅಂದರೆ ಹದಿನೇಳನೇ ಶತಮಾನ. ಪುಕ್ಕಟೆ, ಚುಟುಕು, ನಡುನಡುವೆ ತಮಾಷೆ. ಯಾರಿಗಾದರೂ ಒಂದೇ ಹೆಸರು ಹೇಳಿ ಅಂದರೆ, ರುಚಿ ನೋಡಲು ಇದನ್ನೇ ಹೇಳುತ್ತೇನೆ. ಆದರೆ ಇದು ರಾಜ, ಪಾರ್ಲಿಮೆಂಟು, ಸೈನ್ಯದ ಕಥೆ. ಜನ ಏನು ಉಣ್ಣುತ್ತಿದ್ದರು, ಎಲ್ಲಿ ಮಲಗುತ್ತಿದ್ದರು ಅನ್ನುವುದು ಕಡಿಮೆ. ನನಗೆ ಇದರಿಂದ ಗಟ್ಟಿಯಾಗಿ ಉಳಿದದ್ದು ಒಂದೇ ಚಿತ್ರ: 1649ರ ಜನವರಿ 30ರ ಚಳಿಯಲ್ಲಿ, ತಲೆ ಕಡಿಯಲು ಕರೆದೊಯ್ಯುವ ಮುಂಚೆ, ರಾಜ ಮೊದಲನೇ ಚಾರ್ಲ್ಸ್ ಎರಡು ಅಂಗಿ ಹಾಕಿಕೊಂಡ. ನಡುಗಿದರೆ ಜನ ಹೆದರಿದ ಅಂದುಕೊಂಡಾರು ಅಂತ. (ಹೌದು, ಮತ್ತೊಬ್ಬ ಚಾರ್ಲ್ಸ್.)

ಇಸವಿಗಳ ಕಾಟಕ್ಕೆ ನಾಲ್ಕರಲ್ಲಿ ಒಂದೂ ಪರಿಹಾರ ಕೊಡಲಿಲ್ಲ. ಅದನ್ನು ನಾನೇ ಮಾಡಿಕೊಂಡೆ. ನೂರು ವರ್ಷಗಳ ಯುದ್ಧ ಶುರುವಾದದ್ದು 1337, ವಿಜಯನಗರ ಹುಟ್ಟಿದ ಮರುವರ್ಷ. ಪ್ಲೇಗು ಸಿಸಿಲಿಗೆ ಬಂದ 1347ರಲ್ಲೇ ಬಹಮನಿ ರಾಜ್ಯ ಹುಟ್ಟಿತು. 1509ರಲ್ಲಿ ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ, ಇಲ್ಲಿ ಕೃಷ್ಣದೇವರಾಯ. 1565ರಲ್ಲಿ ಮಾಲ್ಟಾ ದ್ವೀಪಕ್ಕೆ ತುರ್ಕರ ಮುತ್ತಿಗೆ, ನಮ್ಮಲ್ಲಿ ತಾಳಿಕೋಟೆ. ಈ ನಾಲ್ಕು ಗೂಟ ನೆಟ್ಟ ಮೇಲೆ ಉಳಿದದ್ದನ್ನು ಅದಕ್ಕೇ ಕಟ್ಟಿದೆ.

ಈಗ ಕ್ರಮದ ಮಾತು. ಮೊದಲು ಪಾಠ ಕೇಳಿ ಚೌಕಟ್ಟು ಹಾಕಿಕೊಂಡು ಆಮೇಲೆ ಕಥೆಗೆ ಹೋಗಬೇಕು ಅಂತ ನಾನು ಅಂದುಕೊಂಡಿದ್ದೆ. ಹಾಗೇ ಶುರು ಮಾಡಿ ಆರನೇ ಪಾಠಕ್ಕೆ ತೂಕಡಿಸಿದೆ. ಕೂಸಿನ ಕಥೆ ಮುಗಿಸಿ ವಾಪಸ್ಸು ಬಂದಾಗ ಅದೇ ಪಾಠ ಸಲೀಸಾಗಿ ಇಳಿಯಿತು. ಪೋಪರ ಜಗಳವನ್ನೇ ನೋಡಿ. 1378ರಲ್ಲಿ ರೋಮಿನಲ್ಲೊಬ್ಬ ಪೋಪ್, ಫ್ರಾನ್ಸಿನ ಕಡೆಯ ಅವಿನ್ಯೋಂನಲ್ಲೊಬ್ಬ. ಇಬ್ಬರನ್ನೂ ತೆಗೆಯಲು 1409ರಲ್ಲಿ ಪೀಸಾದಲ್ಲಿ ಸಭೆ ಸೇರಿ ಮೂರನೆಯವನನ್ನು ಆರಿಸಿದರು. ಹಳಬರು ಇಳಿಯಲಿಲ್ಲ, ಮೂವರಾದರು! ಬಗೆಹರಿದದ್ದು 1417ಕ್ಕೆ. ಕೂಸಿ ಯಾವ ಪೋಪನ ಕಡೆ ಇದ್ದ ಅಂತ ಮೊದಲೇ ಗೊತ್ತಿದ್ದದ್ದರಿಂದ ಮಾಸ್ತರ ಪಾಠದಲ್ಲಿ ನನಗೊಂದು ಪಕ್ಷ ಸಿಕ್ಕಿತ್ತು. ಹಾಗಾಗಿ ದುಡ್ಡು ಒಂದಕ್ಕೇ ಇದ್ದರೆ ಟಕ್‌ಮನ್. ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಡೇಲೀಡರ್. ಯಾವುದಕ್ಕೂ ಒಂದು ನಕ್ಷೆ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ನಾನು ಹತ್ತು ರೂಪಾಯಿ ಕೊಟ್ಟು ಕಲರ್ ಪ್ರಿಂಟ್ ಹಾಕಿಸಿ ಟಿಫಿನ್ ಡಬ್ಬಿಯ ಚೀಲದಲ್ಲಿ ಇಟ್ಟಿದ್ದೆ. ಬರ್ಗಂಡಿಯ ಮೇಲೆ ಸಾರಿನ ಕಲೆ ಇದೆ.

ಈ ವಾರ ಮೂವತ್ತು ವರ್ಷಗಳ ಯುದ್ಧದ ಪುಸ್ತಕ ಶುರು ಮಾಡಿದ್ದೇನೆ. ಅದು ಶುರುವಾಗುವುದೇ 1618ರ ಮೇ ತಿಂಗಳಲ್ಲಿ, ಪ್ರಾಗ್ ಕೋಟೆಯಲ್ಲಿ. ಪ್ರಾಟೆಸ್ಟಂಟ್ ಮುಖಂಡರು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಕಾರಕೂನನನ್ನೂ ಕಿಟಕಿಯಿಂದ ಎತ್ತಿ ಹೊರಗೆ ಎಸೆದರು. ಎತ್ತರ ಸುಮಾರು 70 ಅಡಿ. ಮೂವರೂ ಬದುಕಿದರು. ಕ್ಯಾಥೊಲಿಕರು, ಮೇರಿ ಮಾತೆ ಹಿಡಿದುಕೊಂಡಳು ಅಂದರು. ನಿನ್ನೆ ರಾತ್ರಿ ಇಷ್ಟು ಹೇಳಿ, ಎದುರು ಪಕ್ಷದವರು ಏನಂದರು ಅಂತ ಹೇಳಲು ಬಾಯಿ ತೆರೆದೆ. ಅವ್ವ ರೊಟ್ಟಿ ಮುರಿಯುತ್ತಾ ನನಗಿಂತ ಮೊದಲೇ ಹೇಳಿದಳು: ‘ಕೆಳಗ ತಿಪ್ಪಿ ಇದ್ದಿರಬೇಕ ತಗಿ.’