ಒಂದೇ ಅಂಬಾಸಿಡರ್, ಎರಡು ಬಗೆಯ ಎಂಜಿನ್

ಪುಶ್‌ರಾಡ್ ಎಂಜಿನ್ ಮತ್ತು ಓವರ್‌ಹೆಡ್ ಕ್ಯಾಮ್ ಎಂಜಿನ್‌ಗಳನ್ನು ಹೋಲಿಸಲು ಅಂಬಾಸಿಡರ್‌ಗಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ, ಏಕೆಂದರೆ ಹೆಚ್ಚುಕಡಿಮೆ ಒಂದೇ ದೇಹದೊಳಗೆ ಆ ಎರಡೂ ಬಂದಿವೆ. ನಮ್ಮ ಮನೆಯಲ್ಲಿ ಮೊದಲು ಇದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ 1489 ಸಿಸಿ ಪುಶ್‌ರಾಡ್ ಎಂಜಿನ್‌ನ ಕಾರು. ಆಮೇಲೆ ಬಂದದ್ದು ಜಪಾನಿನ ಇಸುಜು ಕಂಪನಿ ಮೂಲದ 1817 ಸಿಸಿ ಓವರ್‌ಹೆಡ್ ಕ್ಯಾಮ್ ಎಂಜಿನ್ ಇರುವ 1800 ಐಎಸ್‌ಝಡ್. ಎರಡನ್ನೂ ಚಾರ್ಮಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಓಡಿಸಿದ್ದೇನೆ.

ಮೊದಲನೆಯದರಲ್ಲಿ ಉಬ್ಬುಗಳಿರುವ ತಿರುಗುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಸಿಲಿಂಡರುಗಳಿರುವ ಬ್ಲಾಕಿನ ಪಕ್ಕದಲ್ಲಿ, ಕೆಳಗೆ ಇರುತ್ತದೆ. ಅದು ಟ್ಯಾಪೆಟ್ ಎಂಬ ಚಿಕ್ಕ ತುಂಡನ್ನು ಎತ್ತಿದಾಗ ಉದ್ದನೆಯ ಸರಳು (ಪುಶ್‌ರಾಡ್) ಮೇಲಕ್ಕೆ ತಳ್ಳಲ್ಪಟ್ಟು, ರಾಕರ್ ಎಂಬ ಸನ್ನೆ ಬಾಗಿ, ಗಾಳಿ, ಹೊಗೆಗಳಿಗೆ ದಾರಿ ಕೊಡುವ ವಾಲ್ವ್ ತೆರೆದುಕೊಳ್ಳುತ್ತದೆ. ಇಸುಜುವಿನಲ್ಲಿ ಕ್ಯಾಮ್, ಬ್ಲಾಕನ್ನು ಮೇಲಿನಿಂದ ಮುಚ್ಚುವ ಹೆಡ್ಡಿನ ಮೇಲೆಯೇ ಇದ್ದು, ಚೈನಿನ ಬಲದಿಂದ ತಿರುಗುವುದರಿಂದ ಆ ಸರಳುಗಳ ಅಗತ್ಯವೇ ಇಲ್ಲ.

ಘಾಟಿಯ ಮೇಲಿನ ಕೊಟ್ಟಿಗೆಹಾರದ ಕಡೆಗೆ ಏರುವಾಗ ಹಳೆಯ ಎಂಜಿನ್ ಕಡಿಮೆ ಸುತ್ತಿನಲ್ಲಿಯೂ ಬೇಸರಿಸದೆ ಎಳೆಯುತ್ತಿತ್ತು. ಇದನ್ನು ಪುಶ್‌ರಾಡ್‌ನ ಗುಣವೆಂದು ಅನೇಕರು ಹೇಳುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಆ ಎಂಜಿನ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) ಸುಮಾರು 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.9 ಮಿ.ಮೀ.; ಇಸುಜುವಿನದು 84 ಮತ್ತು 82. ಆ ನಿಧಾನದ ಎಳೆತಕ್ಕೆ ಕಾರಣ ಉದ್ದನೆಯ ಸ್ಟ್ರೋಕ್ ಮತ್ತು ಅದಕ್ಕೆ ಹೊಂದಿಸಿದ ಕ್ಯಾಮ್‌ನ ಆಕಾರವೇ ಹೊರತು, ಕ್ಯಾಮ್ ಇರುವ ಜಾಗವಲ್ಲ. ಜಾಗದ ಪರಿಣಾಮ ಕಾಣುವುದು ಸುತ್ತು ಏರಿದಾಗ. ಟ್ಯಾಪೆಟ್, ಸರಳು, ರಾಕರ್‌ಗಳ ತೂಕವನ್ನೆಲ್ಲ ವಾಲ್ವಿನ ಸ್ಪ್ರಿಂಗು ಪ್ರತಿ ಬಾರಿಯೂ ಹಿಂದಕ್ಕೆ ತರಬೇಕು. ವೇಗ ಮಿತಿ ಮೀರಿದರೆ ವಾಲ್ವ್ ಕ್ಯಾಮ್‌ನ ಚಲನೆಯನ್ನು ಸರಿಯಾಗಿ ಅನುಸರಿಸಲಾರದು. ಹೆದ್ದಾರಿಯಲ್ಲಿ ಲಾರಿಯನ್ನು ದಾಟುವಾಗ ಹಳೆಯ ಕಾರು ಏದುಸಿರು ಬಿಡುತ್ತಿದ್ದರೆ ಇಸುಜು ಸರಾಗವಾಗಿ ಏರುತ್ತಿತ್ತು. ಅದರಲ್ಲಿ ಹೆಚ್ಚಿನ ಸಿಸಿಯ ಪಾಲೂ ಐದನೆಯ ಗೇರಿನ ಪಾಲೂ ಉಂಟು.

ನನಗೆ ನಿಜವಾದ ವ್ಯತ್ಯಾಸ ತಿಳಿದದ್ದು ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ದಿನಗಳಲ್ಲಿ. ಹಳೆಯ ಎಂಜಿನ್‌ನಲ್ಲಿ ರಾಕರ್ ಶಾಫ್ಟನ್ನು ಬಿಚ್ಚಿ, ಎಂಟು ಸರಳುಗಳನ್ನು ಎತ್ತಿ, ಯಾವುದು ಯಾವ ವಾಲ್ವಿನದೆಂದು ತಪ್ಪದಿರಲು ರಟ್ಟಿನಲ್ಲಿ ಎಂಟು ತೂತು ಕೊರೆದು ಕ್ರಮವಾಗಿ ಸಿಕ್ಕಿಸಿಟ್ಟೆವು. ಕ್ಯಾಮ್ ಬ್ಲಾಕಿನಲ್ಲಿಯೇ ಉಳಿದದ್ದರಿಂದ ಟೈಮಿಂಗನ್ನು, ಅಂದರೆ ವಾಲ್ವ್ ತೆರೆಯುವ ಹೊತ್ತಿನ ಹೊಂದಾಣಿಕೆಯನ್ನು, ಮುಟ್ಟಬೇಕಾಗಲಿಲ್ಲ. ಜೋಡಿಸಿದ ಮೇಲೆ ಸಂದಿಯನ್ನು ಅಳೆಯುವ ಫೀಲರ್ ಗೇಜಿನಿಂದ ಟ್ಯಾಪೆಟ್ ಅಂತರವನ್ನು ಹೊಂದಿಸಿದರೆ ಕೆಲಸ ಮುಗಿಯಿತು. ಇಸುಜುವಿನಲ್ಲಿ ಹೆಡ್ಡನ್ನು ಎತ್ತುವ ಮೊದಲು ಕ್ಯಾಮ್‌ನ ಹಲ್ಲುಚಕ್ರದಿಂದ ಚೈನನ್ನು ಬೇರ್ಪಡಿಸಬೇಕು. ನಮ್ಮ ಮೆಕ್ಯಾನಿಕ್ ಗುರುತು ಹಾಕಿಕೊಳ್ಳದೆ ಬಿಚ್ಚಿದ್ದರಿಂದ ಮರುಜೋಡಣೆಯಲ್ಲಿ ಒಂದು ಹಲ್ಲು ತಪ್ಪಿತು. ಎಂಜಿನ್ ಚಾಲೂ ಆಯಿತಾದರೂ ಎಳೆತವೇ ಇರಲಿಲ್ಲ. ಎರಡು ದಿನ ಕಾರ್ಬುರೇಟರನ್ನು ಶಂಕಿಸಿ, ಕೊನೆಗೆ ಮತ್ತೆ ಬಿಚ್ಚಬೇಕಾಯಿತು.

ಆದ್ದರಿಂದ ಮಂಗಳೂರಿಗೋ ಬೆಂಗಳೂರಿಗೋ ಹೋಗುವ ದಿನ ಇಸುಜುವಿನ ಕೀಲಿಯನ್ನೇ ಎತ್ತಿಕೊಳ್ಳುತ್ತಿದ್ದೆ. ತೋಟದ ಮಣ್ಣುದಾರಿಗೆ, ಸಂತೆಯ ಮೂಟೆಗಳಿಗೆ ಮಾತ್ರ ಹಳೆಯದೇ ಬೇಕಿತ್ತು; ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.