ರೀಶಿ ದ್ರವ ಕಲ್ಚರ್ ಕಿಟ್: ಬಾಟಲಿ ಚಂದ, ಪುಸ್ತಿಕೆ ದಂಡ

ಮೊದಲೇ ಹೇಳಿಬಿಡುತ್ತೇನೆ. ರೀಶಿ ಅಂದರೆ ಔಷಧಿಗೆ ಬಳಸುವ ಒಂದು ಅಣಬೆ. ₹3,450 ಕೊಟ್ಟು ಈ ಕಿಟ್ ತರಿಸಿದರೆ ಅಣಬೆಯ ಮೈಸೀಲಿಯಂ (ಬೇರಿನಂತೆ ಹಬ್ಬುವ ಬಿಳಿ ಎಳೆಗಳು) ಬೆಳೆಸುವುದನ್ನು ಚೆನ್ನಾಗಿ ಕಲಿಯಬಹುದು. ಡಬ್ಬಿಯ ಮೇಲೆ ಬರೆದಿರುವ ಹಾಗೆ 'ಮನೆಯಲ್ಲೇ ತಿಂಗಳ ಔಷಧಿ' ಮಾತ್ರ ಆಗಲ್ಲ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಬಾಟಲಿ, ಇದೇ ಪುಸ್ತಿಕೆ ಬೇರೆ ಬೇರೆ ಲೇಬಲ್ ಹಚ್ಚಿಕೊಂಡು ಆನ್‌ಲೈನ್‌ನಲ್ಲಿ ಸಿಗುತ್ತಿವೆ.

ನಾನು ಧಾರವಾಡದ ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದವಳು. ಈಗ ಹುಬ್ಬಳ್ಳಿ ವಿದ್ಯಾನಗರದ ಮನೆಯ ಹಿಂದಿನ ಕೋಣೆಯಲ್ಲಿ ಆಯ್‌ಸ್ಟರ್ ಅಣಬೆಯ ಸ್ಪಾನ್, ಅಂದರೆ ಬಿತ್ತನೆ ಬೀಜ, ಮಾಡುತ್ತೇನೆ. ಕುಂದಗೋಳ, ನವಲಗುಂದದ ಕಡೆಯ ಬೆಳೆಗಾರರು ಬಂದು ಒಯ್ಯುತ್ತಾರೆ. ರೀಶಿ ಬಗ್ಗೆ ಅವರೇ ಕೇಳೋಕೆ ಶುರು ಮಾಡಿದರು. ಅದಕ್ಕೇ ತರಿಸಿದೆ.

ಡಬ್ಬಿಯಲ್ಲಿ ಏನೇನಿದೆ ಅಂದರೆ, ಒಂದು ಲೀಟರಿನ ಗಾಜಿನ ಬಾಟಲಿ, ಗ್ಯಾನೊಡರ್ಮಾ ಲೂಸಿಡಂ (ರೀಶಿಯ ವೈಜ್ಞಾನಿಕ ಹೆಸರು) ಕಲ್ಚರ್, ಅಂದರೆ ಜೀವಂತ ಎಳೆಗಳಿರುವ ದ್ರವ ತುಂಬಿದ 10 ಮಿಲಿ ಸಿರಿಂಜ್, ಅರ್ಧ ಲೀಟರಿಗೆ ಆಗುವಷ್ಟು ಮೀಡಿಯಂ (ಎಳೆಗಳಿಗೆ ಆಹಾರ) ಪುಡಿ, ದ್ರವ ತಿರುಗಿಸಲು ಸಣ್ಣ ಮ್ಯಾಗ್ನೆಟಿಕ್ ಸ್ಟಿರರ್, ಪುಸ್ತಿಕೆ. ಜೊತೆಗೆ 'ಫ್ರೀ' ಅಂತ ಒಂದು ಪುಡಿಯ ಸ್ಯಾಶೆ. ಆ ಸ್ಯಾಶೆಯ ಕಥೆ ಆಮೇಲೆ.

ಬಾಟಲಿಗೆ ಪೂರ್ತಿ ಮಾರ್ಕು. ಮುಚ್ಚಳದ ಮೇಲೆ ಗಾಳಿ ಆಡಲು ಫಿಲ್ಟರ್ ಇದೆ, ಸೂಜಿ ಚುಚ್ಚಲು ರಬ್ಬರಿನ ಜಾಗ ಇದೆ. ಮುಚ್ಚಳ ತೆಗೆಯದೆ ಕಲ್ಚರ್ ಒಳಗೆ ಬಿಡಬಹುದು. ಸೂಜಿಯನ್ನು ದೀಪದ ಮೇಲೆ ಕೆಂಪಗೆ ಕಾಯಿಸಿ, ರಬ್ಬರನ್ನು ಸ್ಪಿರಿಟ್‌ನಿಂದ ಒರೆಸಿ ಚುಚ್ಚಿದರೆ ಕೆಲಸ ಮುಗೀತು. ಕುಕ್ಕರಿನಲ್ಲಿ ಮತ್ತೆ ಮತ್ತೆ ಇಟ್ಟರೂ ರಬ್ಬರ್ ಸಡಿಲ ಆಗಿಲ್ಲ.

ಸಿರಿಂಜಿನ ಕಲ್ಚರ್ ಕೂಡ ಶುದ್ಧವಾಗಿತ್ತು. ನಾನು ಯಾವ ಸಿರಿಂಜನ್ನೂ ನೇರವಾಗಿ ನಂಬಲ್ಲ. ಒಂದು ಹನಿ ಅಗರ್ ಪ್ಲೇಟಿನ (ಜೆಲ್ಲಿಯಂಥ ಆಹಾರ ಹಾಕಿದ ತಟ್ಟೆ) ಮೇಲೆ ಬಿಟ್ಟು ನೋಡುತ್ತೇನೆ. ಬಿಳಿ ಎಳೆಗಳು ಅಂಚಿನ ಕಡೆಗೆ ಒಂದೇ ಸಮನೆ ಹರಡಿದವು. ಹಸಿರು ಇಲ್ಲ, ಲೋಳೆ ಇಲ್ಲ. ಇಷ್ಟು ಸಾಕು.

ಇನ್ನು ಪುಸ್ತಿಕೆಗೆ ಬರೋಣ. ಮೀಡಿಯಂ ಕಲಸಿದ ಬಾಟಲಿಯನ್ನು ಕುಕ್ಕರಿನಲ್ಲಿ 'ಮೂರು ಸೀಟಿ' ಕೂಗಿಸಿ ಅಂತ ಬರೆದಿದ್ದಾರೆ. ಬ್ಯಾಳಿ ಬೇಯಿಸಲು ಹೇಳಿದ್ದಾರೋ, ಸ್ಟೆರಿಲೈಸ್ ಮಾಡಲೋ? ಇಲ್ಲಿ ಸೀಟಿ ಎಣಿಸುವ ಲೆಕ್ಕವೇ ಇಲ್ಲ. ಬೇಕಾಗಿರುವುದು 121 ಡಿಗ್ರಿ, ಅಂದರೆ 15 ಪೌಂಡ್ ಒತ್ತಡ. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಡಿ. ಕುಕ್ಕರ್ ತಾನಾಗಿ ತಣ್ಣಗಾಗಲಿ. ಅವಸರದಲ್ಲಿ ಸೀಟಿ ಎತ್ತಿ ಹಬೆ ಬಿಟ್ಟರೆ ಮೀಡಿಯಂ ಉಕ್ಕಿ ಫಿಲ್ಟರ್ ಒದ್ದೆ ಆಗುತ್ತೆ. ಒದ್ದೆ ಫಿಲ್ಟರ್ ಅಂದರೆ ಬ್ಯಾಕ್ಟೀರಿಯಾಗೆ ಬಾಗಿಲು ತೆಗೆದಿಟ್ಟ ಹಾಗೆ.

ಎರಡನೆಯದು ಸ್ಟಿರರ್ ವೇಗ. 'ಫುಲ್ ಸ್ಪೀಡ್' ಅನ್ನುತ್ತದೆ ಪುಸ್ತಿಕೆ. ತಿರುಗಿಸುವುದು ಎಳೆಗಳಿಗೆ ಆಮ್ಲಜನಕ ಸಿಗಲಿ ಅಂತ. ಜೋರಾಗಿ ತಿರುಗಿಸಿದರೆ ಎಳೆಗಳು ಹರಿದುಹೋಗುತ್ತವೆ. ತಿರುಗಿಸದೇ ಬಿಟ್ಟರೆ ಎಲ್ಲ ಒಂದೇ ಗಡ್ಡೆಯಾಗಿ, ಗಡ್ಡೆಯ ಒಳಭಾಗ ಉಸಿರುಗಟ್ಟಿ ಸಾಯುತ್ತೆ. ನೀರಿನ ನಡುವೆ ಸಣ್ಣ ಸುಳಿ ಕಂಡೂ ಕಾಣದ ಹಾಗೆ ಇರಬೇಕು. ಹಾಗೆ ಇಟ್ಟಾಗ ವಾರದೊಳಗೆ ಬಾಟಲಿ ತುಂಬ ನೆನೆದ ಸಾಬುದಾಣಿಯಂಥ ಬಿಳಿ ಗುಂಡುಗಳು ತೇಲಾಡತೊಡಗಿದವು. ಗುಂಡುಗಳ ನಡುವಿನ ನೀರು ತಿಳಿಯಾಗಿರಬೇಕು. ನೀರೇ ಹಾಲಿನಂತೆ ಕದಡಿ ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ, ಒಳಗೆ ಬೇರೆ ಏನೋ ಬೆಳೆದಿದೆ.

ಮೂರನೆಯದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. 'ಮೈಸೀಲಿಯಂ ಸೋಸಿಕೊಂಡು ನೀರು ಚೆಲ್ಲಿ' ಅಂತ ಇದೆ! ದ್ರವದಲ್ಲಿ ಬೆಳೆಸುವುದರ ದೊಡ್ಡ ಲಾಭವೇ ಆ ನೀರು. ಅಣಬೆಯ ಎಳೆಗಳು ಸಕ್ಕರೆಯ ಉದ್ದ ಸರಪಳಿಗಳಾದ ತಮ್ಮ ಪಾಲಿಸ್ಯಾಕರೈಡ್‌ಗಳಲ್ಲಿ ಒಂದಷ್ಟನ್ನು ಹೊರಗೆ, ನೀರಿಗೇ ಬಿಡುತ್ತವೆ. ದಿನ ಹೋದಂತೆ ನೀರು ದಪ್ಪ ಆಗುವುದು ಅದಕ್ಕೇ. ಸೋಸಿದ ನೀರನ್ನು ಹಳೆಯ ಲ್ಯಾಬಿಗೆ ಒಯ್ದೆ. ಕಾಯಿಸಿ ಇಂಗಿಸಿ, ತಣ್ಣಗಾದ ಮೇಲೆ ನಾಲ್ಕು ಪಟ್ಟು ಎಥನಾಲ್ ಹಾಕಿ ಫ್ರಿಜ್‌ನಲ್ಲಿಟ್ಟೆವು. ಮರುದಿನ ನೋಡಿದರೆ ತಳದಲ್ಲಿ ಬಿಳಿ ಎಳೆಎಳೆ. ಗಾಜಿನ ಕಡ್ಡಿ ಆಡಿಸಿದರೆ ಕಡ್ಡಿಗೇ ಸುತ್ತಿಕೊಂಡು ಮೇಲೆ ಬಂತು. ಅದೇ ಆ ಪಾಲಿಸ್ಯಾಕರೈಡ್. ಇದನ್ನೇ ಬಚ್ಚಲಿಗೆ ಸುರಿಯಿರಿ ಅಂತ ಪುಸ್ತಿಕೆ ಹೇಳುತ್ತಿರುವುದು.

'ಅಣಬೆಯಲ್ಲಿ ಇರುವುದೆಲ್ಲ ಮೈಸೀಲಿಯಂನಲ್ಲೂ ಇದೆ' ಅನ್ನುವ ಸಾಲು ಕೂಡ ಸುಳ್ಳು. ಹೆರಿಸಿಯಂ ಅನ್ನುವ ಇನ್ನೊಂದು ಅಣಬೆಯನ್ನೇ ನೋಡಿ. ಎರಿನಾಸಿನ್‌ಗಳು ಅನ್ನುವ ರಾಸಾಯನಿಕಗಳು ಸಿಗುವುದು ಅದರ ಮೈಸೀಲಿಯಂನಲ್ಲಿ, ಹೆರಿಸಿನೋನ್‌ಗಳು ಅಣಬೆಯಲ್ಲಿ. ರೀಶಿಯನ್ನು ಕಹಿ ಮಾಡುವುದು ಗ್ಯಾನೊಡೆರಿಕ್ ಆಮ್ಲಗಳು. ಅವು ಬಲಿತ ಅಣಬೆಯಲ್ಲಿ ಚೆನ್ನಾಗಿ ಸಿಗುತ್ತವೆ. ದ್ರವದಲ್ಲಿ ಬೆಳೆಸಿ ಅವನ್ನು ಹೆಚ್ಚಿಸಬೇಕು ಅಂದರೆ ಮೊದಲು ಅಲುಗಾಡಿಸಿ ಬೆಳೆಸಿ, ಆಮೇಲೆ ಅಗಲವಾದ ಪಾತ್ರೆಯಲ್ಲಿ ಅಲುಗಾಡಿಸದೆ ಇಡುವ ಎರಡು ಹಂತದ ವಿಧಾನ ಇದೆ. ಮೇಲೆ ಬಿಳಿ ಹೊದಿಕೆ ಕಟ್ಟುತ್ತೆ, ಆಮ್ಲ ಜಾಸ್ತಿ ಆಗುವುದು ಆಗ. ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇಲ್ಲ.

ಈಗ ಫ್ರೀ ಸ್ಯಾಶೆ. ಮೇಲೆ 'ದ್ರವದಲ್ಲಿ ಬೆಳೆಸಿದ ಶುದ್ಧ ರೀಶಿ ಮೈಸೀಲಿಯಂ' ಅಂತ ದೊಡ್ಡದಾಗಿ ಇತ್ತು. ಒಂದು ಚಿಟಿಕೆ ನೀರಲ್ಲಿ ಕುದಿಸಿ, ಪೂರ್ತಿ ಆರಿದ ಮೇಲೆ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಟ್ಟೆ. ತಕ್ಷಣ ಕಡುನೀಲಿ. ಅಂದರೆ ಪಿಷ್ಟ. ಜೋಳದ್ದೋ ಅಕ್ಕಿಯದೋ ಕಾಳಿನ ಮೇಲೆ ಬೆಳೆಸಿ, ಕಾಳು ಸಮೇತ ಬೀಸಿದ್ದಾರೆ, ಇಲ್ಲಾ ಹಿಟ್ಟು ಬೆರೆಸಿದ್ದಾರೆ. ನನ್ನ ಬಾಟಲಿಯ ಗುಂಡುಗಳನ್ನು ಹಾಗೇ ಕುದಿಸಿ ಹನಿ ಬಿಟ್ಟರೆ ಅಯೋಡಿನ್‌ನ ಹಳದಿಯೇ ಉಳಿಯಿತು. (ಆಲೂಗಡ್ಡೆ ಸಾರಿನಲ್ಲಿ ಬೆಳೆಸಿದ್ದನ್ನು ಈ ಪರೀಕ್ಷೆಗೆ ಇಡಬೇಡಿ, ಅದರಲ್ಲೂ ಪಿಷ್ಟ ಇರುತ್ತೆ.) ಕಂಪನಿಗೆ ಫೋನ್ ಮಾಡಿದರೆ ಒಬ್ಬ ಹುಡುಗ, "ಮೇಡಂ, ಅದು ನ್ಯಾಚುರಲ್ ಕಲರ್" ಅಂದ. ಸುಮ್ನೆ ಫೋನ್ ಇಟ್ಟೆ.

ಈ ಗೋಲ್‌ಮಾಲ್ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಮಾರುವ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್‌ಗೆ ಸರಿಹೊಂದಿದ್ದು 5 ಮಾತ್ರ ಅಂತ 2017ರಲ್ಲಿ ಪ್ರಕಟವಾಗಿದೆ.

ಹಾಗಂತ ಮೈಸೀಲಿಯಂನಿಂದ ಔಷಧಿ ಆಗೋದೇ ಇಲ್ಲ ಅಂತ ಅಲ್ಲ. ಟ್ರಮೆಟಿಸ್ ವರ್ಸಿಕಲರ್ ಅನ್ನುವ ಅಣಬೆಯ ಮೈಸೀಲಿಯಂನಿಂದ ತೆಗೆದ ಔಷಧಿಯಾದ ಪಿಎಸ್‌ಕೆಗೆ ಜಪಾನ್ 1977ರಲ್ಲಿ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಅದನ್ನು ಕೊಡುತ್ತಿದ್ದರು. ಆದರೆ ಅಲ್ಲಿ ಗೊತ್ತಿರುವ ಒಂದೇ ತಳಿ, ದೊಡ್ಡ ಟ್ಯಾಂಕು, ಪ್ರತಿ ಬ್ಯಾಚಿಗೂ ಪರೀಕ್ಷೆ. ನನ್ನ ಅರ್ಧ ಲೀಟರಿನಲ್ಲಿ ಬಂದದ್ದು ಒಣಗಿಸಿ ತೂಗಿದರೆ 4 ಗ್ರಾಂ. ಅದರಲ್ಲಿ ಏನು ಎಷ್ಟಿದೆ ಅಂತ ಮನೆಯ ತಕ್ಕಡಿ ಹೇಳಲ್ಲ.

ಪಕ್ಕದ ಮನೆಯವರು ಬಾಟಲಿ ನೋಡಿ, "ಅಕ್ಕಾರ, ಇದನ್ನ ಕುಡಿದ್ರ ಶುಗರ್ ಇಳೀತೈತಂತ, ಖರೇನ?" ಅಂತ ಕೇಳಿದರು. "ನಿಮ್ಮ ಡಾಕ್ಟರ್ ಕೊಟ್ಟ ಗುಳಿಗಿ ತಪ್ಪಿಸಬ್ಯಾಡ್ರಿ, ಇದು ನೋಡಾಕಷ್ಟ" ಅಂದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ರೀಶಿ ಮುಟ್ಟಬಾರದು.

ನನಗೆ ಇದರ ನಿಜವಾದ ಉಪಯೋಗ ಆಗಿದ್ದು ಸ್ಪಾನ್‌ಗೆ. ಗುಂಡುಗಳ ದ್ರವವನ್ನು ಸಿರಿಂಜಿನಲ್ಲಿ ಎಳೆದು ಬೇಯಿಸಿದ ಜೋಳದ ಬಾಟಲಿಗೆ ಬಿಟ್ಟರೆ ಒಂದೇ ಕಡೆಯಿಂದ ಹಬ್ಬುವ ಬದಲು ಹತ್ತಾರು ಕಡೆ ಒಟ್ಟಿಗೆ ಬೆಳ್ಳಗಾಗುತ್ತೆ. ಅಗರ್ ತುಂಡು ಹಾಕಿದ್ದಕ್ಕಿಂತ ಬಹಳ ಬೇಗ. ಅಲ್ಲಿಂದ ಕಟ್ಟಿಗೆ ಪುಡಿಯ ಚೀಲಕ್ಕೆ ಹಾಕಿ ಅಣಬೆಯನ್ನೇ ಬೆಳೆಸಬಹುದು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಆ ಮಾತು ಬೇರೆ.

ಇದೇ ಕಂಪನಿಯ ಕಾರ್ಡಿಸೆಪ್ಸ್ ಮಿಲಿಟಾರಿಸ್ (ಇನ್ನೊಂದು ಔಷಧಿ ಅಣಬೆ) ಕಿಟ್ ಕೂಡ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ಅದರ ತಂಟೆಗೆ ಹೋಗಬೇಡಿ. ಅದಕ್ಕೆ 20ರಿಂದ 25 ಡಿಗ್ರಿ ಬೇಕು. ಏಪ್ರಿಲ್‌ನಲ್ಲಿ ಗದಗದ ಮನೆಯೊಳಗೆ ಏಸಿ ಇಲ್ಲದೆ ಅದು ಆಗುವ ಮಾತೇ? ರೀಶಿ 28ರ ಆಸುಪಾಸಿನಲ್ಲಿ ಆರಾಮಾಗಿ ಬೆಳೆಯುತ್ತೆ.

ಕಾಲೇಜುಗಳಿಗೆ, ಸ್ಪಾನ್ ಮಾಡುವವರಿಗೆ ಇದು ಪರವಾಗಿಲ್ಲ. ಹಣ ಉಳಿಸಬೇಕಾ? ಬಾಟಲಿ ಮತ್ತು ಸಿರಿಂಜ್ ಬೇರೆ ಬೇರೆಯಾಗಿ ಕೊಡುತ್ತಾರೆ, ಅಷ್ಟೇ ತಗೊಳ್ಳಿ. ಮೀಡಿಯಂ ಮನೆಯಲ್ಲೇ ಆಗುತ್ತೆ: ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ಸಾರು, 20 ಗ್ರಾಂ ಗ್ಲೂಕೋಸ್. ಆರ್ಡರ್ ಮಾಡುವುದಾದರೆ ದೀಪಾವಳಿ ಆದ ಮೇಲೆ ಮಾಡಿ. ಬೇಸಿಗೆಯಲ್ಲಿ ಕೊರಿಯರ್‌ನವರ ತಗಡಿನ ಶೆಡ್ಡಿನಲ್ಲಿ ಎರಡು ದಿನ ಬಿದ್ದರೆ ಕಲ್ಚರ್ ಅಲ್ಲೇ ಬೆಂದುಹೋಗುತ್ತೆ, ಹಣ ವಾಪಸ್ ಕೊಡಲ್ಲ ಅಂತ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ.