ಹಳೆ ಆಲ್ಟೊಗೆ ಒರಿಜಿನಲ್ ಲೋವರ್ ಆರ್ಮ್: ಕೊಳ್ಳುವ ಮುಂಚೆ ಚಕ್ರ ಅಲ್ಲಾಡಿಸಿ ನೋಡಿ

ಹಂಪ್ ಇಳಿಯುವಾಗ 'ಟಕ್' ಎಂದಾಕ್ಷಣ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಬದಲಿಸಬೇಡಿ. ಚಾಸಿಸ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ನೇತಾಡಲು ಬಿಡಿ. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ ಅಲುಗಾಟ) ಸಿಕ್ಕರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಪ್ಲೇ ನಿಂತರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಮೇಲೆ ಅನುಮಾನ. ಎಡ-ಬಲಕ್ಕೆ ಮಾತ್ರ ಆಡಿದರೆ ಸ್ಟೀರಿಂಗ್ ಭಾಗಗಳಾದ ಟೈ ರಾಡ್ ಎಂಡ್ ಅಥವಾ ರ‍್ಯಾಕ್.

ಆಲ್ಟೊದಲ್ಲಿ ಬಾಲ್ ಜಾಯಿಂಟ್, ಚಕ್ರವನ್ನು ಕೆಳಗಿನಿಂದ ಚಾಸಿಸ್‌ಗೆ ಜೋಡಿಸುವ ಲೋವರ್ ಆರ್ಮ್‌ಗೇ ಕೂಡಿಕೊಂಡಿರುವುದರಿಂದ ಇಡೀ ಆರ್ಮ್ ಕೊಳ್ಳಬೇಕು. ಒರಿಜಿನಲ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಅಗ್ಗದ ಮಾಲಿನಲ್ಲಿ ಮೊದಲು ಹರಿಯುವುದು ಜಾಯಿಂಟ್ ಮುಚ್ಚುವ ರಬ್ಬರ್ ಬೂಟು, ನೀರು-ಮಣ್ಣು ಒಳಹೊಕ್ಕರೆ ಜಾಯಿಂಟ್ ಕಥೆ ಮುಗಿಯಿತು. ಆರ್ಮ್‌ನ ರಬ್ಬರ್ ಬುಷ್ ಬೋಲ್ಟನ್ನು ಕಾರು ನೆಲಕ್ಕಿಳಿದ ಮೇಲೆಯೇ ಪೂರ್ತಿ ಬಿಗಿಸಿ. ಚಕ್ರ ನೇತಾಡುವಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಸೀಳುತ್ತದೆ. ಗ್ಯಾರೇಜುಗಳು ಎಡವುವುದು ಇಲ್ಲೇ, ಬೈಗುಳ ಮಾತ್ರ ಬಿಡಿಭಾಗಕ್ಕೆ! ಟೈ ರಾಡ್ ಎಂಡೂ ಬದಲಿಸಿದ್ದರೆ ಅಲೈನ್‌ಮೆಂಟ್ ಬಿಡುವಂತಿಲ್ಲ.